ವಿಷಯ: ‘ಟ್ರೆಡಿಷನಲ್ ಅಪ್ರೋಚ್’ಗೆ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಸಂಶೋಧನೆಗೆ ಹೊಸದಾಗಿ ಇಳಿದವರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಒಂದೇ ಒಂದು ವಾಕ್ಯ ಎರಡು ದಿನದಿಂದ ಸತಾಯಿಸುತ್ತಿದೆ. ಅದರ ತಿರುಳು ಇಷ್ಟು: ಪ್ರತಿ ವಿಷಯಕ್ಕೂ ಅದರದೇ ಟ್ರೆಡಿಷನಲ್ ಅಪ್ರೋಚ್ ಇರುತ್ತದೆ, ಆದರೆ ಮೆಥಡ್ ಆರಿಸುವಾಗ ನಿಮ್ಮ ಪ್ರಶ್ನೆಯನ್ನು ನೋಡಿ, ನಿಮ್ಮ ವಿಭಾಗದ ಹೆಸರನ್ನಲ್ಲ.

ಮೊದಲು ‘ಸಾಂಪ್ರದಾಯಿಕ ವಿಧಾನ’ ಎಂದು ಬರೆದೆ. ಮುಂದಿನ ಪ್ಯಾರಾದಲ್ಲೇ ಎಡವಟ್ಟಾಯಿತು. ‘ವೈದ್ಯಕೀಯದ ಸಾಂಪ್ರದಾಯಿಕ ವಿಧಾನ’ ಅಂದರೆ ಓದುವವರಿಗೆ ಬೇರು, ಕಷಾಯ ನೆನಪಾಗುತ್ತದೆ, ಅಲ್ವಾ? ಮೂಲದಲ್ಲಿರುವುದು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಔಷಧಿ ಪರೀಕ್ಷಿಸುವ ಮಾತು. ಮೆಥಡ್, ಮೆಥಡಾಲಜಿ, ಅಪ್ರೋಚ್ ಮೂರಕ್ಕೂ ಬೇರೆ ಬೇರೆ ಪದ ಬೇಕು. ಸದ್ಯಕ್ಕೆ ಮೂರೂ ಕಡೆ ‘ವಿಧಾನ’ ಕೂತಿದೆ.

— ಅನುವಾದಕಿ

ಮೆಥಡ್: ವಿಧಾನ. ಮೆಥಡಾಲಜಿ: ವೈಧಾನಿಕತೆ. ಅಪ್ರೋಚ್: ದೃಷ್ಟಿಕೋನ. ಪಿಎಚ್‌ಡಿ ಪ್ರಬಂಧಗಳಲ್ಲಿ ಬಳಕೆಯಲ್ಲಿವೆ. ಹೊಸದು ಹುಡುಕುವ ಅಗತ್ಯವಿಲ್ಲ.

— ಕರಡು ತಿದ್ದುವವನು

> ವೈಧಾನಿಕತೆ

ದಯವಿಟ್ಟು ಬೇಡ. ‘ಸಾಂವಿಧಾನಿಕ’ದ ತಮ್ಮನ ಹಾಗಿದೆ. ಹಿಂದಿಯಲ್ಲಂತೂ ವೈಧಾನಿಕ ಅಂದರೆ ಕಾನೂನಿಗೆ ಸೇರಿದ್ದು. ‘ವಿಧಾನಶಾಸ್ತ್ರ’ ಇದೆ, ಆದರೆ ಅದನ್ನೂ ಎಲ್ಲೆಂದರಲ್ಲಿ ಹಾಕಬಾರದು. ವಿಧಾನಗಳನ್ನೇ ಕುರಿತು ಓದುವ ವಿಷಯಕ್ಕೆ ಸರಿ. ‘ಈ ಪ್ರಬಂಧದ ವಿಧಾನಶಾಸ್ತ್ರ ಸಂದರ್ಶನ’ ಎಂದು ಬರೆಯುವುದು ‘ಇವತ್ತು ನನ್ನ ಮನಶ್ಶಾಸ್ತ್ರ ಸರಿ ಇಲ್ಲ’ ಅಂದಂತೆ. ಇಂಗ್ಲಿಷಿನಲ್ಲೇ ಜನ ಮೆಥಡ್ ಅನ್ನುವ ಕಡೆ ತೂಕ ಜಾಸ್ತಿ ಇರಲಿ ಅಂತ ಮೆಥಡಾಲಜಿ ಅನ್ನುತ್ತಾರೆ. ಆ ರೋಗವನ್ನು ನಾವ್ಯಾಕೆ ಅನುವಾದ ಮಾಡಬೇಕು?

ನಿಮ್ಮ ಪ್ರಶ್ನೆಗೆ ಉತ್ತರ ‘ಪದ್ಧತಿ’. ಪದ್ + ಹತಿ. ಕಾಲು ಬಡಿದು ಬಡಿದು ಸವೆದ ಜಾಡು. ಹಿಂದಿನವರು ನಡೆದದ್ದಕ್ಕೇ ದಾರಿಯಾದದ್ದು. ಟ್ರೆಡಿಷನಲ್ ಅನ್ನುವುದು ಆ ಪದದ ಹೊಟ್ಟೆಯಲ್ಲೇ ಇದೆ, ವಿಶೇಷಣವೇ ಬೇಡ. ‘ಮಾರ್ಗ’ ಬೇರೆ. ಅದರ ಧಾತುವಿಗೆ ಹುಡುಕು, ಬೆನ್ನಟ್ಟು ಎಂಬ ಅರ್ಥ, ಮೃಗವೂ ಅದೇ ಕುಲ. ಗ್ರೀಕಿನ ಮೆಥೊಡೊಸ್‌ನಲ್ಲೂ ಬೆನ್ನು ಹತ್ತುವುದು, ದಾರಿ ಎರಡೂ ಇವೆ. ಹಾಗಾಗಿ ವಿಷಯಕ್ಕೊಂದು ಪದ್ಧತಿ, ಪ್ರಶ್ನೆಗೊಂದು ಮಾರ್ಗ.

— ಧಾತುಪಾಠದವನು

ಚೆನ್ನಾಗಿದೆ. ಆದರೆ ಯಾವ ಓದುಗ ಪದ್ಧತಿಯನ್ನು ಒಡೆದು ಓದುತ್ತಾನೆ? ‘ಮಾರ್ಗ’ ಅಂದರೆ ಅವನಿಗೆ ಬಸ್ಸು ಹೋಗುವ ಮಾರ್ಗ.

— ಕರಡು ತಿದ್ದುವವನು

ಸಂಸ್ಕೃತದ ಒಂದು ಪದ ಬಿಟ್ಟು ಸಂಸ್ಕೃತದ ಇನ್ನೊಂದು ಪದ. ಇದೇನಾ ಚರ್ಚೆ? ನಮ್ಮಲ್ಲಿ ‘ಹೊಲಬು’ ಇದೆ. ದಾರಿ, ರೀತಿ ಎರಡೂ ಅರ್ಥ ಇದೆ. ಸಂಶೋಧನೆಗೆ ‘ಅರಕೆ’. ರಿಸರ್ಚ್ ಮೆಥಡ್ ಅಂದರೆ ಅರಕೆಯ ಹೊಲಬು. ಟ್ರೆಡಿಷನಲ್ ಅಪ್ರೋಚ್ ಅಂದರೆ ಬಳಕೆಯ ಹೊಲಬು.

— ಅಚ್ಚಗನ್ನಡ

ಅರಕೆಗೆ ‘ಕೊರತೆ’ ಅನ್ನುವ ಅರ್ಥವೂ ನಿಘಂಟಿನಲ್ಲಿದೆ. ಹೊಲಬು ಇವತ್ತು ಉಳಿದಿರುವುದು ‘ಹೊಲಬುಗೇಡಿ’ಯಲ್ಲಿ, ಅಂದರೆ ದಾರಿ ತಪ್ಪಿದವನಲ್ಲಿ. ಎರಡನ್ನೂ ಸೇರಿಸಿದರೆ ಕೆಲವು ಪ್ರಬಂಧಗಳಿಗೆ ಒಪ್ಪುತ್ತದೆ, ನಿಜ.

— ಧಾತುಪಾಠದವನು

ನಿಮ್ಮ ‘ಸಂಶೋಧನೆ’ಯ ಮೂಲ ಅರ್ಥ ಶುದ್ಧ ಮಾಡುವುದು. ‘ಗವೇಷಣೆ’ ಅಂದರೆ ಹಸು ಹುಡುಕುವುದು. ಹಸು ಹುಡುಕಿದರೆ ವಿದ್ವತ್ತು, ಹೊಲಬು ಹಿಡಿದರೆ ನಗೆಪಾಟಲು, ಅಲ್ವಾ?

— ಅಚ್ಚಗನ್ನಡ

ನಾನು ಅಂಕಿಸಂಖ್ಯೆಯವಳು, ಭಾಷೆಯವಳಲ್ಲ. ಆದರೂ ಒಂದು ಮಾತು. ಅನುವಾದಕಿಯವರು ಹೇಳಿದ ಆ ಚೀಟಿ ಎತ್ತುವ ಪರೀಕ್ಷೆಗೆ ಮಾದರಿಯಾದದ್ದು ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗ. 107 ರೋಗಿಗಳು. 55 ಜನರಿಗೆ ಔಷಧಿ ಜೊತೆ ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಯಾರು ಯಾವ ಗುಂಪು ಅನ್ನುವುದು ಮುಚ್ಚಿದ ಲಕೋಟೆಯಲ್ಲಿ ಇರುತ್ತಿತ್ತು. ವರದಿ ಪ್ರಕಟವಾದದ್ದು 1948ರಲ್ಲಿ. ಸಂಪ್ರದಾಯ ಅನ್ನಿಸಿಕೊಳ್ಳಲು ಅದಕ್ಕಿನ್ನೂ ವಯಸ್ಸಾಗಿಲ್ಲ. ಅದು ಆ ವಿಷಯದವರ ರೂಢಿ, ಅಷ್ಟೇ. ಮಾನವಶಾಸ್ತ್ರದವರು ಹೋಗಿ ಜನರ ನಡುವೆ ವರ್ಷಗಟ್ಟಲೆ ಇದ್ದು ಬರುವುದು, ಇತಿಹಾಸದವರು ಆಕರಗಳನ್ನು ಒಂದಕ್ಕೊಂದು ತಾಳೆ ನೋಡುವುದು, ಇವೂ ಹಾಗೇ. ‘ರೂಢಿಯ ಕ್ರಮ’ ಎಂದರೆ ಸಾಲದೇ? ಯಾರಿಗೂ ಕಷಾಯ ನೆನಪಾಗಲ್ಲ.

— ಲೆಕ್ಕದವಳು

ಸಂಪ್ರದಾಯಕ್ಕೆ ವಯಸ್ಸು ಎಲ್ಲಿ ಹೇಳಿದೆ? ಸಂ-ಪ್ರ-ದಾ. ಕೈಯಿಂದ ಕೈಗೆ ಕೊಡುವುದು. ಲ್ಯಾಟಿನ್ನಿನ ಟ್ರಾಡೆರೆ ಕೂಡ ಅದೇ. ಗುರು ಶಿಷ್ಯನಿಗೆ ಕೊಟ್ಟರೆ ನಿನ್ನೆಯದೂ ಸಂಪ್ರದಾಯವೇ. ಪದ ಕೆಟ್ಟಿಲ್ಲ, ಓದುಗರು ಕೆಟ್ಟಿದ್ದಾರೆ.

— ಧಾತುಪಾಠದವನು

ಓದುಗರನ್ನು ತಿದ್ದಲು ಸೋಮವಾರದೊಳಗೆ ಆಗುವುದಿಲ್ಲ.

— ಕರಡು ತಿದ್ದುವವನು

ಸುಮ್ನೆ ‘ಮೆಥಡ್’ ಅಂತಲೇ ಬರೆಯಿರಿ. ವಿದ್ಯಾರ್ಥಿಗಳು ಹೇಳುವುದೂ ಅದೇ. ಕುರ್ಚಿ ಅರಬ್ಬಿಯಿಂದ ಬಂತು, ರಸ್ತೆ ಪಾರಸಿಯಿಂದ ಬಂತು. ಯಾರ ಮನೆ ಮುಳುಗಿತು?

— ಹೊಸಬ

ಕುರ್ಚಿಯೂ ರಸ್ತೆಯೂ ಬಾಯಿಂದ ಬಾಯಿಗೆ ಬಂದವು, ಕೈಪಿಡಿಯಿಂದಲ್ಲ. ಬೇಡಿ ತಂದದ್ದಕ್ಕೂ ಬಂದು ಸೇರಿದ್ದಕ್ಕೂ ವ್ಯತ್ಯಾಸ ಇದೆ.

— ಅಚ್ಚಗನ್ನಡ

ಮೆಥಡ್ ಕೂಡ ಬಾಯಿಗೆ ಬಂದಾಗಿದೆ ಸ್ವಾಮಿ. ನೀವೊಬ್ಬರೇ ಕಿವಿ ಮುಚ್ಚಿಕೊಂಡಿರುವುದು.

— ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಹೀಗೆ ಮಾಡಿದ್ದೇನೆ: ‘ಪ್ರತಿ ವಿಷಯಕ್ಕೂ ಅದರದೇ ರೂಢಿಯ ಪದ್ಧತಿ ಇರುತ್ತದೆ. ವಿಧಾನವನ್ನು ಮಾತ್ರ ನಿಮ್ಮ ಪ್ರಶ್ನೆ ನೋಡಿ ಆರಿಸಿಕೊಳ್ಳಿ.’ ‘ರೂಢಿಯ’ ಹಾಕಿದ್ದಕ್ಕೆ ಧಾತುಪಾಠದವರು ಬೈಯುತ್ತಾರೆ, ಗೊತ್ತು. ಮೆಥಡಾಲಜಿ ಬಂದ ಕಡೆ ಮುಕ್ಕಾಲು ಪಾಲು ‘ವಿಧಾನ’ ಸಾಕಾಯಿತು. ಉಳಿದ ಕಡೆ ‘ವಿಧಾನದ ಆಯ್ಕೆ ಮತ್ತು ಸಮರ್ಥನೆ’ ಎಂದು ಬಿಡಿಸಿ ಬರೆದೆ. ಅಧ್ಯಾಯದಲ್ಲಿ ಇರುವುದೂ ಅದೇ.

ಲೆಕ್ಕದವಳು ಅನ್ನಿಸಿಕೊಂಡವರಿಗೆ ಒಂದು ಪ್ರಶ್ನೆ. ಸ್ಯಾಂಪಲ್‌ಗೂ ‘ಮಾದರಿ’, ಮಾಡೆಲ್‌ಗೂ ‘ಮಾದರಿ’. ಐದನೇ ಅಧ್ಯಾಯದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬಂದಿವೆ: ‘ಮಾದರಿ ಚಿಕ್ಕದಾದರೆ ಮಾದರಿಯನ್ನು ನಂಬಬೇಡಿ.’ ಏನು ಮಾಡಲಿ?

— ಅನುವಾದಕಿ