ಸಹಾಯ ಬೇಕು: ತೋಟದೊಳಗಿನ ಮನೆಗಳಿಗೆ 1.2 ಕಿ.ಮೀ. ಫೈಬರ್ ಎಳೆಯಬೇಕು

ಎಲ್ಲರಿಗೂ ನಮಸ್ಕಾರ. ಜಾಗ ಕೊಡಗಿನ ಮಾದಾಪುರದ ಹತ್ತಿರ. ಫೈಬರ್ ಡಾಂಬರು ರಸ್ತೆಯವರೆಗೆ ಬಂದು ನಿಂತಿದೆ. ಅಲ್ಲಿಂದ ತೋಟದ ಎಂಟು ಮನೆಗಳಿಗೆ ಈಗ ಇರುವುದು 5.8 ಗಿಗಾಹರ್ಟ್ಜ್ ವೈರ್‌ಲೆಸ್ ಲಿಂಕ್.

ಬೇಸಿಗೆಯಲ್ಲಿ ಸಿಗ್ನಲ್ −58 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟು ಬಲ ಹೆಚ್ಚು), ವೇಗ 90 ಎಂಬಿಪಿಎಸ್. ಮಳೆಗಾಲ ಹಿಡಿದರೆ −78ಕ್ಕೆ ಬೀಳುತ್ತೆ, ಮಕ್ಕಳ ಆನ್‌ಲೈನ್ ಕ್ಲಾಸೂ ನಿಲ್ಲುತ್ತೆ. ಕಾರಣ ಮಳೆಹನಿ ಅಲ್ಲ, ಈ ಫ್ರೀಕ್ವೆನ್ಸಿಯಲ್ಲಿ ಅದರ ನಷ್ಟ ತೀರಾ ಕಡಿಮೆ. ತೊಂದರೆ ನೆನೆದ ಎಲೆಯದ್ದು. ಎರಡು ಆ್ಯಂಟೆನಾ ಒಂದಕ್ಕೊಂದು ಕಂಡರೆ ಸಾಲದು, 1.2 ಕಿ.ಮೀ. ದೂರಕ್ಕೆ ನಟ್ಟನಡುವೆ ಆ ಗೆರೆಯ ಸುತ್ತ 2.4 ಮೀಟರ್ ಆದರೂ ಖಾಲಿ ಇರಬೇಕು. ಅಲ್ಲೇ ಸಿಲ್ವರ್ ಓಕ್ ಸಾಲು, ಬುಡದಿಂದ ಮೇಲಿನವರೆಗೂ ಮೆಣಸಿನ ಬಳ್ಳಿ. ಮರಗಸಿ (ಕೊಂಬೆ ಕಡಿಯುವುದು) ಆದ ಮೇಲೆ ಸರಿಹೋಗುತ್ತೆ, ಚಿಗುರು ದಟ್ಟವಾದರೆ ಮತ್ತೆ ಅದೇ ಪಾಡು.

ಅದಕ್ಕೇ ಲೋಹವಿಲ್ಲದ 4 ಕೋರ್ ಏರಿಯಲ್ (ಮೇಲಿಂದ ತೂಗುಹಾಕಿ ಎಳೆಯುವ) ಫೈಬರ್ ಕೇಬಲ್, ಎರಡೂ ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕಿನ ಸಿಗ್ನಲನ್ನು ಲ್ಯಾನ್ ಕೇಬಲಿಗೆ ಬದಲಿಸುವ ಪೆಟ್ಟಿಗೆ) ಎಂದು ತೀರ್ಮಾನಿಸಿದ್ದೇವೆ. ಲೋಹ ಇಲ್ಲದಿದ್ದರೆ ಸಿಡಿಲು ಕೇಬಲ್ ಹಿಡಿದು ಮನೆಯೊಳಗೆ ಬರಲ್ಲ. ರಸ್ತೆ ಬದಿಯಲ್ಲಿ ಫೈಬರ್‌ನ ಬೆಳಕಿನ ಪವರ್ −19 ಡಿಬಿಎಂ ಇದೆ. ಒಂದು ಫೈಬರ್‌ನ ಬೆಳಕನ್ನು ಎಂಟಾಗಿ ಹಂಚುವ 1:8 ಸ್ಪ್ಲಿಟರ್ ಹಾಕಿದರೆ ಸುಮಾರು 10 ಡಿಬಿ ಹೋಗಿ, ಒಎನ್‌ಟಿಗೆ (ಮನೆಯಲ್ಲಿಡುವ ಫೈಬರ್ ಮೋಡೆಮ್) ಬೇಕಾದ −27ರ ಮಿತಿ ದಾಟುತ್ತೆ. ಹಾಗಾಗಿ ಅದು ಬೇಡ.

ಬೇಕಿರುವುದು ಇಷ್ಟು: ಮರಕ್ಕೆ ಕಟ್ಟಿದರೆ ಗಾಳಿಗೆ ಕ್ಲಾಂಪ್ ಹತ್ತಿರ ಕೇಬಲ್ ಸವೆಯುತ್ತೆ. ಕಂಬ ನೆಟ್ಟವರು ಎಷ್ಟು ಮೀಟರಿಗೊಂದು ಹಾಕಿದ್ದೀರಿ? ಆನೆ ದಾಟುವ ಕಡೆ ಎತ್ತರ ಎಷ್ಟು ಕೊಟ್ಟಿರಿ, ಅಥವಾ ಎಚ್‌ಡಿಪಿಇ ಪೈಪಲ್ಲಿ ಹೂತಿರಾ? ಕುಶಾಲನಗರ, ಮಡಿಕೇರಿ ಕಡೆ ಫ್ಯೂಷನ್ ಸ್ಪ್ಲೈಸಿಂಗ್ (ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವುದು) ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮೇ ಮುಗಿಯುವುದರೊಳಗೆ ಕೆಲಸ ಆಗಬೇಕು.