ಕೊಲೈಡರಿನಲ್ಲಿ ಕಪ್ಪುದ್ರವ್ಯ ಸಿಕ್ಕೀತೇ?

ಜಿಪುಣ: ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ಎಲ್‌ಎಚ್‌ಸಿಯಲ್ಲಿ, ಅಂದರೆ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಕೊಲೈಡರ್ ಯಂತ್ರದಲ್ಲಿ, 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು, ಒಪ್ಪಿದೆ. ಬೆಳಕು ಬೀರದ, ಗುರುತ್ವದಿಂದಷ್ಟೇ ಇರವು ತಿಳಿಯುವ ಕಪ್ಪುದ್ರವ್ಯದ ಒಂದು ಕಣವೂ ಇನ್ನೂ ಸಿಕ್ಕಿಲ್ಲ. ಡಿಟೆಕ್ಟರಿಗೇ ಸಿಗದ ವಸ್ತುವನ್ನು ಡಿಟೆಕ್ಟರ್ ಇಟ್ಟು ಹುಡುಕುವುದು ಯಾವ ಜಾಣತನ?

ಹಳೆಯ ಮೇಷ್ಟ್ರು: ಅಲ್ಲಿ ಹುಡುಕುತ್ತಿರುವುದು ಲೆಕ್ಕದ ಕೊರತೆಯನ್ನು. ಎದುರುಬದುರಾಗಿ ಬರುವ ಪ್ರೋಟಾನುಗಳಿಗೆ ಅಡ್ಡ ದಿಕ್ಕಿನ ಸಂವೇಗ ಹೆಚ್ಚುಕಡಿಮೆ ಸೊನ್ನೆ. ಡಿಕ್ಕಿಯಾದ ಮೇಲೂ ಎಲ್ಲವನ್ನೂ ಕೂಡಿದರೆ ಸೊನ್ನೆಯೇ ಬರಬೇಕು. ಒಂದು ಬದಿಗೆ ಕಣಗಳ ಜೆಟ್ ಚಿಮ್ಮಿ ಎದುರು ಬದಿ ಖಾಲಿಯಿದ್ದರೆ, ಏನೋ ಸದ್ದಿಲ್ಲದೆ ಜಾರಿಕೊಂಡಿದೆ ಎಂದರ್ಥ. ಕಳ್ಳ ಕಾಣದಿದ್ದರೂ ಪೆಟ್ಟಿಗೆಯಲ್ಲಿ ಎಷ್ಟು ಕಡಿಮೆಯಾಗಿದೆ ಎಂಬುದು ತಿಳಿಯುತ್ತದೆ.

ಜಿಪುಣ: ಬಹುಮಟ್ಟಿಗೆ ಯಾವುದಕ್ಕೂ ತಾಗದೆ ಸಾಗುವ ನ್ಯೂಟ್ರಿನೊ ಕಣ ಕೂಡ ಹಾಗೆಯೇ ಜಾರಿಕೊಳ್ಳುತ್ತದಲ್ಲ! 1984ರಲ್ಲಿ ಅದೇ ಜಿನೀವಾದ ಸರ್ನ್ ಪ್ರಯೋಗಾಲಯದ ಯುಎ1 ಪ್ರಯೋಗದಲ್ಲಿ ಇಂಥದೇ ಒಂಟಿ ಜೆಟ್‌ಗಳು ಕಂಡಾಗ ಹೊಸ ಭೌತವಿಜ್ಞಾನದ ಸುಳಿವೆಂದು ಹಲವರು ನಂಬಿದ್ದರು. ಕೊನೆಗೆ ಅವು ಒಡೆದಾಗ ನ್ಯೂಟ್ರಿನೊ ಹೊರಬಿಡುವ, ಆಗಲೇ ಗೊತ್ತಿದ್ದ ಡಬ್ಲ್ಯು, ಝಡ್ ಕಣಗಳ ಹಳೆಯ ಆಟವೇ ಆಗಿದ್ದವು.

ಹಳೆಯ ಮೇಷ್ಟ್ರು: ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಆ ಪಾಠ ಕಲಿತದ್ದರಿಂದಲೇ ಈಗ ಝಡ್ ಡಿಟೆಕ್ಟರಿಗೆ ಕಾಣುವ ಎರಡು ಮ್ಯೂಆನ್ ಕಣಗಳಾಗಿ ಒಡೆಯುವ ಘಟನೆಗಳನ್ನು ಎಣಿಸಿ, ಅದು ನ್ಯೂಟ್ರಿನೊಗಳಾಗಿ ಮಾಯವಾಗುವುದು ಎಷ್ಟು ಬಾರಿ ಎಂದು ಅಂದಾಜಿಸುತ್ತಾರೆ. ಅದಕ್ಕಿಂತ ಹೆಚ್ಚು ಕೊರತೆ ಕಂಡರೆ ಮಾತ್ರ ಸುದ್ದಿ. ಹಿಗ್ಸ್ ಕಣ ಹತ್ತಕ್ಕೆ ಸುಮಾರು ಒಂದಕ್ಕಿಂತ ಹೆಚ್ಚು ಬಾರಿ ಕಾಣದ ಕಣಗಳಾಗಿ ಒಡೆದು ಅದೃಶ್ಯವಾಗುವುದಿಲ್ಲ ಎಂಬ ಮಿತಿ ಸಿಕ್ಕಿರುವುದೂ ಇಂಥ ಲೆಕ್ಕದಿಂದಲೇ. ಇದನ್ನು ಬರಿಗೈ ಎನ್ನಲಾರೆ.

ಕೋಲಾರದವಳು: ನ್ಯೂಟ್ರಿನೊವನ್ನು ಬೈಯಬೇಡಿ, ನಮ್ಮ ಊರಿನ ಅತಿಥಿ ಅದು! ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು 1965ರಲ್ಲಿ ಮೊದಲು ಸಿಕ್ಕ ಎರಡು ಗಣಿಗಳಲ್ಲಿ ಕೆಜಿಎಫ್ ಒಂದು. 1930ರಲ್ಲಿ ಭೌತವಿಜ್ಞಾನಿ ಪೌಲಿ ನ್ಯೂಟ್ರಿನೊವನ್ನು ಊಹಿಸಿದ್ದೂ ಶಕ್ತಿಯ ಲೆಕ್ಕ ತಾಳೆಯಾಗದ್ದರಿಂದಲೇ. ಮೊಟ್ಟಮೊದಲ ನ್ಯೂಟ್ರಿನೊ ಕೈಗೆ ಸಿಕ್ಕಿದ್ದು 1956ರಲ್ಲಿ, ರಿಯಾಕ್ಟರಿನ ಬಳಿ. ನನ್ನ ತಕರಾರು ಬೇರೆ. ಡಿಟೆಕ್ಟರನ್ನು ದಾಟಲು ಕಣಕ್ಕೆ ಕೆಲವು ಹತ್ತು ನ್ಯಾನೊಸೆಕೆಂಡುಗಳು ಸಾಕು. ಆಚೆ ಹೋಗಿ ಅದು ಒಡೆದು ಚೂರಾದರೆ ಯಾರಿಗೆ ಗೊತ್ತು? ಕಪ್ಪುದ್ರವ್ಯವಾದರೆ 1380 ಕೋಟಿ ವರ್ಷ ಬಾಳಿರಬೇಕು.

ಹಳೆಯ ಮೇಷ್ಟ್ರು: ನಿಜ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ ಕಪ್ಪುದ್ರವ್ಯ ಬಂದು ತಾಗುವುದನ್ನೇ ಕಾಯುವ ದ್ರವ ಕ್ಸೆನಾನ್ ತೊಟ್ಟಿಯಂಥ ಕಡೆ ಅದೇ ಕಣ ಸಾಕ್ಷಿ ಹೇಳಬೇಕು. ಆದರೆ ತೀರಾ ಹಗುರವಾದ ಕಣ ಕ್ಸೆನಾನ್ ಪರಮಾಣುವಿನ ಬೀಜವನ್ನು ಅಲುಗಿಸಲಾರದು. ಅಲ್ಲಿ ಕೊಲೈಡರಿಗೇ ಮೇಲುಗೈ.

ಜಿಪುಣ: ಸರಿ, ಈಗಿರುವ ಯಂತ್ರ ಓಡಲಿ. ಸರ್ನ್ ಕಟ್ಟಬೇಕೆಂದಿರುವ ಸುಮಾರು 91 ಕಿಲೋಮೀಟರಿನ ಹೊಸ ಕೊಲೈಡರ್ ಉಂಗುರಕ್ಕೆ ಮಾತ್ರ ಕಪ್ಪುದ್ರವ್ಯದ ಹೆಸರಿನಲ್ಲಿ ದುಡ್ಡು ಕೇಳಬೇಡಿ.

ಕೋಲಾರದವಳು: ಅದನ್ನು ಕೇಳುತ್ತಿರುವುದು ಮೊದಲಿಗೆ ಹಿಗ್ಸ್ ಹೆಸರಿನಲ್ಲಿ, ಜಿಪುಣರೇ.