ಪಂಚಾಯಿತಿ ರಸ್ತೆ ಕಾಮಗಾರಿಯ ಎಂ.ಬಿ. ಪ್ರತಿ ಕೇಳಿದ ಆರ್‌ಟಿಐ ಅರ್ಜಿಗೆ ಹಿಂಬರಹ ಬಂದಿದೆ, ಮುಂದೇನು ಮಾಡಬೇಕು?

ಊರಬಾಗಿಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಷಯ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಒಂದು ಸಿ.ಸಿ. ರಸ್ತೆಯದ್ದು. ಕೆಲಸ ಮುಗಿದು ಬಿಲ್ ಆಗಿದೆ, ಆದರೆ ಅಂಚಿನ ಕಾಂಕ್ರೀಟ್ ಈಗಲೇ ಉದುರಿ ಜಲ್ಲಿ ಮೇಲೆದ್ದಿದೆ. ಮಾಹಿತಿ ಹಕ್ಕಿನಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಟ್ಟ ಅರ್ಜಿಯಲ್ಲಿ ಇದ್ದದ್ದು ಇಷ್ಟು: ರಸ್ತೆ ಕಳಪೆಯಾಗಲು ಕಾರಣ ಯಾರು? ಎಷ್ಟು ಚೀಲ ಸಿಮೆಂಟ್ ಹಾಕಿದ್ದೀರಿ? ಗುತ್ತಿಗೆದಾರರ ಮೇಲೆ ಕ್ರಮ ಏಕಿಲ್ಲ? ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಪ್ರತಿ ಕೊಡಿ. ಕಳೆದ ಐದು ವರ್ಷಗಳ ಎಲ್ಲ ಕಾಮಗಾರಿಗಳ ಸಂಪೂರ್ಣ ವಿವರ ಕೊಡಿ.

26ನೇ ದಿನಕ್ಕೆ ಹಿಂಬರಹ ಬಂತು: "ಪ್ರಶ್ನಾರ್ಥಕ ರೂಪದಲ್ಲಿದೆ, ಒಂದಕ್ಕಿಂತ ಹೆಚ್ಚು ವಿಷಯಗಳಿವೆ, ಆದ್ದರಿಂದ ತಿರಸ್ಕರಿಸಲಾಗಿದೆ." ಈಗ ಮೇಲ್ಮನವಿ ಹಾಕುವುದೋ, ಹೊಸ ಅರ್ಜಿಯೋ? ಎಂ.ಬಿ. ಪುಸ್ತಕದ ಪ್ರತಿ ಸಾರ್ವಜನಿಕರಿಗೆ ಸಿಗುತ್ತದೆಯೇ?

ಕಡತವಿಭಾಗ

ಹೊಸ ಅರ್ಜಿ ಹಾಕಿ. ಎಂ.ಬಿ. ಪ್ರತಿಯನ್ನು ನಿರಾಕರಿಸಿದ್ದು ತಪ್ಪು, ಮೇಲ್ಮನವಿಯಲ್ಲಿ ಅದು ನಿಲ್ಲುವುದಿಲ್ಲ. ಆದರೆ ಉಳಿದ ಪ್ರಶ್ನೆಗಳ ವಿಷಯದಲ್ಲಿ ಹಿಂಬರಹಕ್ಕೆ ಆಧಾರವಿದೆ. ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಆಗಲೇ ಇರುವ ದಾಖಲೆಯನ್ನು. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡುವ, ಅಭಿಪ್ರಾಯ ಹೇಳುವ ಹೊಣೆ ಅಧಿಕಾರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. "ಏಕೆ", "ಯಾರು ಕಾರಣ" ಎಂದು ಬರೆದ ಕೂಡಲೇ ಅವರಿಗೆ ದಾರಿ ಸಿಕ್ಕಿತು. ಇದರ ಜೊತೆಗೆ ಕರ್ನಾಟಕ ಮಾಹಿತಿ ಹಕ್ಕು ನಿಯಮಗಳ ನಿಯಮ 14 ಇದೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ರಸ್ತೆಯ ಜೊತೆ ಐದು ವರ್ಷಗಳ ಎಲ್ಲ ಕಾಮಗಾರಿ ಸೇರಿಸಿದಾಗ ಅದು ಮುರಿಯಿತು. ಹೊಸ ಅರ್ಜಿಯ ಖರ್ಚು 10 ರೂಪಾಯಿ, ಅವಧಿ 30 ದಿನ. ಮೇಲ್ಮನವಿ ಹಿಡಿದು ಹೋದರೆ ಅದಕ್ಕಿಂತ ಬೇಗ ಏನೂ ಸಿಗುವುದಿಲ್ಲ.

ಬರೆಯುವ ಮೊದಲು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿ ತೆರೆದು, ಆ ವರ್ಷದ ಕ್ರಿಯಾ ಯೋಜನೆ ಮತ್ತು ಪಾವತಿ ವೋಚರ್‌ಗಳನ್ನು ನೋಡಿ. ಹಣಕಾಸು ಆಯೋಗದ ಅನುದಾನವಾಗಿದ್ದರೆ ಕಾಮಗಾರಿಯ ಹೆಸರು, ಮೊತ್ತ, ಪಾವತಿಯ ದಿನಾಂಕ ಅಲ್ಲೇ ಸಿಗುತ್ತವೆ. ಅಲ್ಲಿ ಕಾಮಗಾರಿಗೆ ಏನು ಹೆಸರಿದೆಯೋ ಅದನ್ನೇ ಅಕ್ಷರಶಃ ಅರ್ಜಿಯಲ್ಲಿ ಬರೆಯಿರಿ. ಊರವರು ಕರೆಯುವ ಹೆಸರು ಹಾಕಿದರೆ "ಅಂಥ ಕಾಮಗಾರಿ ಇರುವುದಿಲ್ಲ" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ.

ಅರ್ಜಿಯ ಒಡಲು ಹೀಗಿರಲಿ:

"(ವರ್ಷ) ಸಾಲಿನ (ಯೋಜನೆ) ಅನುದಾನದ (ಕಾಮಗಾರಿಯ ಪೂರ್ಣ ಹೆಸರು, ಸಂಕೇತ ಸಂಖ್ಯೆ) ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ನೀಡಿ: ಅನುಮೋದಿತ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ ಮತ್ತು ಕರಾರು ಪತ್ರ, ಅಳತೆ ಪುಸ್ತಕದ (ಎಂ.ಬಿ.) ಸಂಬಂಧಿತ ಪುಟಗಳು, ಎಲ್ಲ ಬಿಲ್‌ಗಳು ಮತ್ತು ಪಾವತಿ ವೋಚರ್‌ಗಳು, ಗುಣಮಟ್ಟ ಪರೀಕ್ಷಾ ವರದಿ, ಕಾಮಗಾರಿಯ ಮೊದಲು, ನಡುವೆ, ನಂತರ ತೆಗೆದ ಛಾಯಾಚಿತ್ರಗಳು. ಇವುಗಳಲ್ಲಿ ಯಾವುದಾದರೂ ತಮ್ಮ ಕಚೇರಿಯಲ್ಲಿ ಇಲ್ಲದಿದ್ದರೆ ಕಲಂ 6(3)ರಂತೆ ಸಂಬಂಧಿಸಿದ ಪ್ರಾಧಿಕಾರಕ್ಕೆ ವರ್ಗಾಯಿಸಿ ನನಗೆ ತಿಳಿಸಿ."

ಒಂದೂ ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಆರೋಪವೂ ಇಲ್ಲ. ಏಕೆ ಬೇಕು ಎಂದು ಹೇಳಬೇಕಾಗಿಲ್ಲ, ಕಲಂ 6(2) ಹಾಗೆಂದೇ ಇದೆ. ನಮೂನೆ ಎ ಬಳಸಿ, ಭಾರತದ ಪ್ರಜೆ ಎಂದು ಒಂದು ಸಾಲು ಸೇರಿಸಿ. ಶುಲ್ಕಕ್ಕೆ ಐಪಿಒ (ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್) ಕೊಡುವುದಾದರೆ ಯಾರ ಹೆಸರಿಗೆ ಎಂದು ಮೊದಲು ಕೇಳಿಕೊಳ್ಳಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆದು ಜೆರಾಕ್ಸ್ ಇಟ್ಟುಕೊಳ್ಳಿ. ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಅಂದೇ ಪ್ರಿಂಟ್ ತೆಗೆದಿಡಿ. 30 ದಿನದ ಲೆಕ್ಕ ಶುರುವಾಗುವುದು ಅರ್ಜಿ ಕಚೇರಿಗೆ ತಲುಪಿದ ದಿನದಿಂದ, ನೀವು ಅಂಚೆಗೆ ಹಾಕಿದ ದಿನದಿಂದಲ್ಲ.

ಅಳತೆಟೇಪು

ಎಂ.ಬಿ. ಖಂಡಿತ ಸಿಗುತ್ತದೆ, ಅದು ಗುಟ್ಟಿನ ದಾಖಲೆಯಲ್ಲ. ತೊಡಕು ಅದು ಯಾರ ಬೀರುವಿನಲ್ಲಿದೆ ಎಂಬುದು. ಪಂಚಾಯಿತಿ ಕಾಮಗಾರಿಯ ಅಳತೆ ಬರೆಯುವವರು ಕಿರಿಯ ಎಂಜಿನಿಯರ್, ಹಾಗಾಗಿ ಪುಸ್ತಕ ಹಲವು ಸಲ ತಾಲ್ಲೂಕಿನ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಲ್ಲೇ ಉಳಿದಿರುತ್ತದೆ. "ನಮ್ಮಲ್ಲಿ ಲಭ್ಯವಿಲ್ಲ" ಎಂದು ಪಿಡಿಒ ಬರೆದು ಕೈತೊಳೆದುಕೊಳ್ಳುವುದು ಇದರಿಂದಲೇ. ಬರೀ ಹಾಗೆ ಬರೆದರೆ ಸಾಲದು, 5 ದಿನದೊಳಗೆ ಅರ್ಜಿಯ ಆ ಭಾಗವನ್ನು ವರ್ಗಾಯಿಸಬೇಕು. ಕಾಯುವ ಬದಲು ಉಪವಿಭಾಗಕ್ಕೇ ನೇರವಾಗಿ ಇನ್ನೊಂದು 10 ರೂಪಾಯಿಯ ಅರ್ಜಿ ಹಾಕುವುದು ಜಾಣತನ.

ಎಂ.ಬಿ. ಸಂಖ್ಯೆ ಗೊತ್ತಿಲ್ಲ ಎಂದು ಚಿಂತೆ ಬೇಡ. ಮೊದಲು ಬಿಲ್ ಪ್ರತಿ ಕೈಗೆ ಬರಲಿ. ಬಿಲ್‌ನಲ್ಲೇ ಎಂ.ಬಿ. ಸಂಖ್ಯೆಯನ್ನೂ ಪುಟ ಸಂಖ್ಯೆಯನ್ನೂ ಬರೆದಿರುತ್ತಾರೆ, ಏಕೆಂದರೆ ಅಳತೆ ದಾಖಲಾಗದೆ ಬಿಲ್ ಪಾಸಾಗುವಂತಿಲ್ಲ. ಆಮೇಲೆ "ಎಂ.ಬಿ. ಸಂಖ್ಯೆ ಇಷ್ಟು, ಪುಟ ಇಷ್ಟರಿಂದ ಇಷ್ಟು" ಎಂದು ಕೇಳಿದರೆ ಹುಡುಕಲಾಗಲಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ.

ಪುಟ ಬಂದಾಗ ಓದುವುದು ಹೀಗೆ. ಪ್ರತಿ ಸಾಲಿನಲ್ಲಿ ಕೆಲಸದ ವಿವರ, ಸಂಖ್ಯೆ, ಉದ್ದ, ಅಗಲ, ಆಳ, ಕೊನೆಗೆ ಪ್ರಮಾಣ. ಉದಾಹರಣೆಗೆ ಕಾಂಕ್ರೀಟ್ ಸಾಲಿನಲ್ಲಿ 1 × 100.00 × 3.00 × 0.15 = 45.00 ಘನ ಮೀಟರ್ ಎಂದಿದೆ ಎನ್ನಿ. ಟೇಪು ಹಿಡಿದು ರಸ್ತೆ ಅಳೆಯಿರಿ. ಉದ್ದ 88, ಅಗಲ 2.75, ಅಂಚಿನಲ್ಲಿ ಕಾಣುವ ದಪ್ಪ 0.10 ಮೀಟರ್ ಬಂದರೆ ಗುಣಲಬ್ಧ 24.20 ಘನ ಮೀಟರ್. ಒಂದೊಂದು ಅಳತೆಯಲ್ಲಿ ಸ್ವಲ್ಪ ಸ್ವಲ್ಪ ಕಡಿಮೆ ಎನಿಸಿದರೂ ಮೂರನ್ನೂ ಗುಣಿಸಿದಾಗ ಹೆಚ್ಚುಕಡಿಮೆ ಅರ್ಧ ಕಾಂಕ್ರೀಟ್ ಕಾಣೆ. ದಪ್ಪವನ್ನು ಒಂದೇ ಕಡೆ ನೋಡಿ ನಿರ್ಧರಿಸಬೇಡಿ, ನಡುವೆ ದಪ್ಪ, ಅಂಚಿಗೆ ತೆಳು ಇರುವುದುಂಟು. ನಾಲ್ಕೈದು ಕಡೆ ನೋಡಿ ಸರಾಸರಿ ತೆಗೆಯಿರಿ. ಚರಂಡಿ ಬೇರೆ ಬಾಬ್ತು, ಅದರ ಸಾಲುಗಳನ್ನು ರಸ್ತೆಯ ಲೆಕ್ಕಕ್ಕೆ ಬೆರೆಸಬೇಡಿ.

ದಿನಾಂಕಗಳನ್ನೂ ಸಾಲಾಗಿ ಬರೆದುಕೊಳ್ಳಿ: ಕಾರ್ಯಾದೇಶ, ಅಳತೆ, ಮೇಲಧಿಕಾರಿಯ ಪರಿಶೀಲನಾ ಅಳತೆ, ಬಿಲ್, ಪಾವತಿ. ಈ ಕ್ರಮ ಎಲ್ಲಾದರೂ ತಿರುವುಮುರುವಾಗಿದ್ದರೆ ಅಲ್ಲಿ ನಿಲ್ಲಿ. ಕಾರ್ಯಾದೇಶಕ್ಕಿಂತ ಮೊದಲಿನ ಅಳತೆ, ಸಹಿ ಇಲ್ಲದ ತಿದ್ದುಪಡಿ, ಬೇರೆ ಶಾಯಿಯಲ್ಲಿ ಸೇರಿಸಿದ ಸಾಲು, ಇವು ಜೆರಾಕ್ಸ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಮೂಲ ಪುಸ್ತಕದ ಪರಿಶೀಲನೆಯನ್ನೂ ಕೇಳಬೇಕು.

ಸಿಮೆಂಟ್ ಚೀಲದ ಲೆಕ್ಕ ಬಿಡಿ, ಅಂಥ ದಾಖಲೆ ಪಂಚಾಯಿತಿಯಲ್ಲಿ ಸಿಗುವುದು ಕಷ್ಟ. ಅಂದಾಜು ಪಟ್ಟಿಯಲ್ಲಿ ಕಾಂಕ್ರೀಟಿನ ದರ್ಜೆ ಇರುತ್ತದೆ. ಎಂ20 ಎಂದಿದ್ದರೆ 150 ಮಿ.ಮೀ. ಕ್ಯೂಬ್ (ಪರೀಕ್ಷೆಗೆಂದು ಅಚ್ಚು ಹಾಕಿದ ಕಾಂಕ್ರೀಟ್ ಘನ) 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಬಲ ತಾಳಬೇಕು. ಕೇಳಬೇಕಾದ್ದು ಆ ಕ್ಯೂಬ್ ಪರೀಕ್ಷೆಯ ವರದಿಯನ್ನು. ಕಲಂ 2(ಜೆ) ಅಡಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಹೆಚ್ಚಿನವರು ಇದನ್ನು ಬಳಸುವುದೇ ಇಲ್ಲ, ಬಳಸಬೇಕು.

ಊರಬಾಗಿಲು

ಬಹಳ ಉಪಕಾರವಾಯಿತು ಸರ್. ಇನ್ನೆರಡು ಸಂದೇಹ. ಸಾವಿರಾರು ರೂಪಾಯಿ ಜೆರಾಕ್ಸ್ ಶುಲ್ಕ ಕಟ್ಟಿ ಎಂದು ಪತ್ರ ಬಂದರೆ? ಕಡತವೇ ಸಿಗುತ್ತಿಲ್ಲ ಎಂದರೆ?

ದಿನದಲೆಕ್ಕ

ಶುಲ್ಕದ ಪತ್ರ 30 ದಿನದೊಳಗೆ ಬಂದಿದೆಯೋ ಇಲ್ಲವೋ, ಮೊದಲು ಅದನ್ನು ನೋಡಿ. ಅವಧಿ ಮೀರಿದ್ದರೆ ಕಲಂ 7(6)ರ ಪ್ರಕಾರ ಮಾಹಿತಿ ಉಚಿತ, ಹಣ ಕಟ್ಟದೆ ಆ ಕಲಮನ್ನು ನಮೂದಿಸಿ ಉತ್ತರ ಕೊಡಿ. ಒಳಗೆ ಬಂದಿದ್ದರೆ ಎ4 ಪುಟಕ್ಕೆ 2 ರೂಪಾಯಿಯಂತೆ ಎಷ್ಟು ಪುಟ ಎಂಬ ಲೆಕ್ಕ ಪತ್ರದಲ್ಲಿರಬೇಕು. ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವವರೆಗಿನ ದಿನಗಳು 30ರ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ನೀವು ತಡಮಾಡಿದಷ್ಟೂ ನಿಮಗೇ ನಷ್ಟ.

1,200 ಪುಟ, 2,400 ರೂಪಾಯಿ ಎಂದರೆ ಹೆದರಬೇಡಿ. "ಮೊದಲು ಕಡತ ಪರಿಶೀಲಿಸುತ್ತೇನೆ, ಗುರುತಿಸಿದ ಪುಟಗಳ ಪ್ರತಿ ಮಾತ್ರ ಸಾಕು" ಎಂದು ಬರೆದು ದಿನಾಂಕ ಕೇಳಿ. ಒಂದು ರಸ್ತೆಗೆ ಬೇಕಾಗುವುದು ಇಪ್ಪತ್ತು ಮೂವತ್ತು ಪುಟ, ಅಂದರೆ 40ರಿಂದ 60 ರೂಪಾಯಿ. ಪರಿಶೀಲನೆಗೆ ಹೋದಾಗ ಪುಟ ಸಂಖ್ಯೆ ಬರೆದುಕೊಂಡು, ಆ ಪಟ್ಟಿಯನ್ನು ಅಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ಬಾಯಿಮಾತಿನಲ್ಲಿ ಹೇಳಿ ಬಂದರೆ ಬೇರೆ ಪುಟಗಳು ಬರುತ್ತವೆ.

ಕಡತ ಸಿಗುತ್ತಿಲ್ಲ ಎಂಬುದು ಕಾಯ್ದೆಯಲ್ಲಿರುವ ವಿನಾಯಿತಿಯಲ್ಲ. ಕೂಲಂಕಷವಾಗಿ ಹುಡುಕಬೇಕು, ಬೇಕಿದ್ದರೆ ವಿಚಾರಣೆ ನಡೆಸಿ ಹೊಣೆಗಾರರನ್ನು ಗುರುತಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಕಡತ ಸಿಗುತ್ತಿಲ್ಲ ಎಂದು ಸಹಿ ಮಾಡಿದ ಹಿಂಬರಹ ಪಡೆದುಕೊಳ್ಳಿ, ಮೌಖಿಕ ಉತ್ತರಕ್ಕೆ ಬೆಲೆಯಿಲ್ಲ. ಹಣ ಪಾವತಿಯಾಗಿರುವುದರಿಂದ ವೋಚರ್, ನಗದು ಪುಸ್ತಕ, ಬ್ಯಾಂಕ್ ವಿವರ, ಕ್ರಿಯಾ ಯೋಜನೆ ಒಪ್ಪಿದ ಸಭೆಯ ನಡಾವಳಿ, ಇಷ್ಟು ಕಡೆ ಅದರ ಗುರುತು ಉಳಿದೇ ಇರುತ್ತದೆ. ಅವನ್ನು ಬೇರೆ ಅರ್ಜಿಯಲ್ಲಿ ಕೇಳಿ.

ವೈಯಕ್ತಿಕ ಮಾಹಿತಿ ಎಂಬ ನೆಪ ಬಾರದಂತೆ ಅರ್ಜಿಯಲ್ಲೇ ಒಂದು ಸಾಲು ಬರೆಯಿರಿ: "ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳನ್ನು ಕಲಂ 10ರಂತೆ ಮರೆಮಾಡಿ ಉಳಿದದ್ದನ್ನು ನೀಡಿ."

30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಎಂದಾದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪಂಚಾಯಿತಿಗೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯೇ ಮೇಲ್ಮನವಿ ಪ್ರಾಧಿಕಾರಿ. ಅವರಿಗೆ 30 ದಿನ, ಕಾರಣ ದಾಖಲಿಸಿದರೆ 45. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಮೇಲ್ಮನವಿಯಲ್ಲಿ ಹೊಸ ದಾಖಲೆ ಕೇಳಬೇಡಿ. ಮೂಲ ಅರ್ಜಿಯಲ್ಲಿ ಇಲ್ಲದ್ದನ್ನು ಸೇರಿಸಿದರೆ ಅದೊಂದೇ ಕಾರಣಕ್ಕೆ ವಾದ ದಿಕ್ಕು ತಪ್ಪುತ್ತದೆ.

ಕಲಂಹತ್ತೊಂಬತ್ತು

ಮೇಲಿನದಕ್ಕೆ ಒಂದು ಸೇರ್ಪಡೆ, ಇಲ್ಲಿ ಎಡವುವವರು ಬಹಳ. ಆಯೋಗಕ್ಕೆ ಹೋಗುವಾಗ ಕಲಂ 18ರ ದೂರು ಬೇರೆ, ಕಲಂ 19(3)ರ ಎರಡನೇ ಮೇಲ್ಮನವಿ ಬೇರೆ. ದೂರಿನಲ್ಲಿ ಅಧಿಕಾರಿಗೆ ದಂಡ ಹಾಕಬಹುದು, ಮಾಹಿತಿ ಕೊಡಿಸಲಾಗದು ಎಂದು ಸುಪ್ರೀಂ ಕೋರ್ಟ್ 2011ರ ಮಣಿಪುರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಮಗೆ ಬೇಕಿರುವುದು ಕಾಗದ, ಆದ್ದರಿಂದ 19(3). ಕಲಂ 20ರ ದಂಡವನ್ನೂ (ದಿನಕ್ಕೆ 250, ಗರಿಷ್ಠ 25,000 ರೂಪಾಯಿ) ಅದರಲ್ಲೇ ಕೋರಬಹುದು. ನಿರಾಕರಣೆ ಸರಿ ಎಂದು ಸಾಬೀತುಪಡಿಸುವ ಹೊಣೆ ಕಲಂ 19(5)ರಂತೆ ಅಧಿಕಾರಿಯದು, ಇದನ್ನು ಮೇಲ್ಮನವಿಯಲ್ಲಿ ಬರೆಯಲು ಮರೆಯಬೇಡಿ.

ಇಷ್ಟೆಲ್ಲ ನಡೆಯುವಾಗ ಕರಾರು ಪತ್ರದ ದೋಷ ಹೊಣೆಗಾರಿಕೆ ಅವಧಿಯ ಮೇಲೆ ಕಣ್ಣಿಡಿ. ಆ ಅವಧಿಯೊಳಗೆ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಭದ್ರತಾ ಠೇವಣಿ ವಾಪಸಾದ ಮೇಲೆ ಅವರನ್ನು ಹಿಡಿಯುವುದು ಕಷ್ಟ. ಎಂ.ಬಿ. ಬರಲಿ ಎಂದು ಕಾಯದೆ ಫೋಟೋ, ಅಳತೆ ಸಮೇತ ದುರಸ್ತಿ ಕೋರಿ ಪಂಚಾಯಿತಿಗೂ ಎಂಜಿನಿಯರಿಂಗ್ ಉಪವಿಭಾಗಕ್ಕೂ ಈ ವಾರವೇ ಪತ್ರ ಕೊಟ್ಟು ಸ್ವೀಕೃತಿ ಪಡೆದಿಡಿ.